ಎರಡು ಗೆರೆ

ಕೋಡಿಬಾಗದ ನಮ್ಮ ಮನೆಯಲ್ಲಿ
ಪ್ಲಗ್ ಇರುವುದು ಆಲ್ತಾರಿನ ಪಕ್ಕ ಮಾತ್ರ.
ವೈಫೈ ಡಬ್ಬಿ ತಂದ ಹುಡುಗ ಕೇಳಿದ, "ಬಾಯೀ, ಇಲ್ಲಿಡಲೇ?"
ಶಿಲುಬೆಯನ್ನು ನಾನೇ ಸರಿಸಿದೆ,
ಒಂದೇ ಗೇಣು.

ಜಪಸರಕ್ಕೆ ಮಂಡಿಯೂರಿದರೆ
ಕಣ್ಣು ಮಿಣುಕುವ ಹಸಿರು ದೀಪದ ಮೇಲೆ.
ಐದು ರಹಸ್ಯ ಮೂರಕ್ಕೇ ಮುಗಿಯತೊಡಗಿದವು.
ಬೈತ್‌ಕೋಲದಿಂದ ಬಂಗಡೆಯ ದರ ಬರುವ ಹೊತ್ತಲ್ಲವೇ?

ನಿನ್ನೆ ಧೂಳು ಹೊಡೆಯಲು ಡಬ್ಬಿ ಎತ್ತಿದೆ.
ಮೇಣದ ಹೊಗೆಗೆ ಕಪ್ಪಾದ ಗೋಡೆಯಲ್ಲಿ
ಅತ್ತೆಯ ಕಾಲದ ಜಾಗ, ಬೆಳ್ಳಗೆ,
ಇನ್ನೂ ಕೈ ಚಾಚಿಕೊಂಡೇ ಇತ್ತು.

ಹನ್ನೆರಡು ಅಡಿ ವೈರು ಕೊಂಡೆ.
ಡಬ್ಬಿ ಈಗ ಒಣಮೀನಿನ ಡ್ರಮ್ಮಿನ ಮೇಲೆ.
"ಒಳಗೆ ಎರಡೇ ಗೆರೆ ಸಿಗ್ನಲ್," ಗೊಣಗುತ್ತಾನೆ ಎಲ್ರಾಯ್.

ಎರಡು ಸಾಕು ಮಗಾ.
ಒಂದು ಉದ್ದ,
ಒಂದು ಅಡ್ಡ.