ಸೊಂಟದ ಸಾಕ್ಷಿ

ಬೆಂಕಿಪೊಟ್ಟಣದಷ್ಟೇ ಇದೆ.
ಇಲಾಸ್ಟಿಕ್ ಪಟ್ಟಿಯಲ್ಲಿ ಬಲಸೊಂಟಕ್ಕೆ ಕಟ್ಟಿ
ಏಳು ದಿನ ಬಿಚ್ಚಬೇಡಿ, ಸ್ನಾನಕ್ಕೊಂದು ಬಿಟ್ಟು, ಎನ್ನುತ್ತೇನೆ.
ಸೌನಾಕ್ಕೆ? ಎಂದು ಎಲ್ಲರೂ ಕೇಳಿಯೇ ಕೇಳುತ್ತಾರೆ.
ತಾಂಪೆರೆ ಊರು, ಕೇಳದೆ ಇರುತ್ತಾರೆಯೇ.
ಸೌನಾಕ್ಕೂ ಬಿಚ್ಚಿ. ಅದಕ್ಕೆ ಬೆವರು ತಿಳಿಯದು,
ತಿಳಿಯುವುದು ಅಲುಗಾಟ ಒಂದೇ.

ಪಾಸಿ ಮೊದಲು ಬಂದ. ಮರದ ದಿಮ್ಮಿ ಹೇರುವ ಲಾರಿ,
ನಲವತ್ತೆಂಟು ವಯಸ್ಸು,
ಹೊಟ್ಟೆಯ ಮೇಲೆ ಸ್ಟೀರಿಂಗ್ ಒತ್ತಿದ ಗುರುತಿದೆ ಎಂದು
ಅವನೇ ಹೇಳಿ ಅವನೇ ನಕ್ಕ.
ಪರದೆಯ ಮೇಲೆ ಅವನ ವಾರವನ್ನು ಹಾಸಿದೆ:
ಫೆಬ್ರವರಿಯ ಸರೋವರ, ಈ ದಡದಿಂದ ಆ ದಡಕ್ಕೆ ಮಂಜುಗಡ್ಡೆ.
ಅಲ್ಲೊಂದು ಇಲ್ಲೊಂದು ಕಪ್ಪು ಉಬ್ಬು,
ತೂತು ಕೊರೆದು ಮೀನಿಗೆ ಕಾದು ಕೂತವರ ಹಾಗೆ.
ಇದು ಡೀಸೆಲ್ ಹಾಕಿಸಿದ್ದು, ಇದು ಉಚ್ಚೆಗೆ ಇಳಿದದ್ದು,
ಇದು, ಅವನು ಬಗ್ಗಿ ನೋಡಿ ಹೇಳಿದ, ಸರಪಳಿ ಬಿಗಿದದ್ದು.
ಮಂಗಳವಾರ ಲಾರಿ ಓಡಿದ್ದು ಏಳುನೂರು ಕಿಲೋಮೀಟರು.
ಅವನು, ಒಂಬೈನೂರು ಹೆಜ್ಜೆ.
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ಕೂತೇ ದುಡಿದವನಿಗೆ?
ಸೈಕಲ್ ಯಂತ್ರಕ್ಕೆ ಹತ್ತಿಸಿದೆ. ನಾಲ್ಕನೇ ನಿಮಿಷಕ್ಕೆ
ಹಿಡಿಕೆಯನ್ನು ತಬ್ಬಿಕೊಂಡು
ಸಾಕು, ಇಳಿಸು ಎಂದ, ಮಗುವಿನ ದನಿಯಲ್ಲಿ.

ಔತಿ ನಗುತ್ತ ಬಂದಳು. ಆಸ್ಪತ್ರೆಯ ನೆಲ ಒರೆಸುವವಳು,
ದಿನಕ್ಕೆ ಹದಿನೇಳು ಸಾವಿರ ಹೆಜ್ಜೆ,
ಗರಗಸದ ಹಲ್ಲಿನಂತೆ ಒತ್ತೊತ್ತಾಗಿ ಅವಳ ಗೆರೆ.
ನನಗೇಕೆ ಪರೀಕ್ಷೆ, ಆ ಲಾರಿಯವರಿಗೆ ಮಾಡು ಎಂದಳು.
ಎಂದವಳೂ ಹತ್ತಿದಳು. ಅವಳ ಎದೆ
ಪಾಸಿಯದಕ್ಕಿಂತ ಎರಡೇ ನಿಮಿಷ ಹೆಚ್ಚು ತಾಳಿತು.
ಯಂತ್ರ ಕೆಟ್ಟಿದೆ ಎಂದಳು.
ನಾನೂ ಹಾಗೇ ನಂಬಲು ನೋಡಿದೆ.

ಹಲ್ಲುಗಳೆಲ್ಲ ಗಿಡ್ಡ: ಬಾಗಿದ ಹೆಜ್ಜೆ, ತಳ್ಳಿದ ಹೆಜ್ಜೆ,
ಮಂಚದಿಂದ ಮಂಚಕ್ಕೆ ಮೂರು ಹೆಜ್ಜೆ,
ಉಸಿರು ಏರುವಷ್ಟು ಉದ್ದವಿಲ್ಲ, ಇಳಿಯುವಷ್ಟು ಬಿಡುವಿಲ್ಲ.
ಸವೆದದ್ದು ಮಂಡಿ. ಎದೆಗೆ ಏನೂ ದಕ್ಕಲಿಲ್ಲ.
ದಣಿವೇ ಬೇರೆ, ಕಸುವೇ ಬೇರೆ ಎಂದು ಇವಳಿಗೆ
ನಾನು, ಈ ಮೆತ್ತನೆ ಕುರ್ಚಿಯಿಂದ, ಹೇಗೆ ಹೇಳಲಿ?

ಪಾಸಿಗೆ ಬರೆದೆ: ಏಳಿ.
ಔತಿಗೆ ಬರೆದೆ: ಕೂರಿ, ಎರಡು ತಾಸಿಗೊಮ್ಮೆ ಹತ್ತು ನಿಮಿಷ;
ಮತ್ತೆ ವಾರಕ್ಕೆರಡು ಸಲ ಪಿಸ್ಪಾಲ ದಿಬ್ಬದ ಮೆಟ್ಟಿಲು,
ಬಕೆಟ್ ಇಲ್ಲದೆ.
ಅವಳು ಚೀಟಿ ಓದಿ ಮಡಿಸಿದಳು.
ನಮ್ಮ ಮಹಡಿಯಲ್ಲಿ ನಮಗೆಂದು ಕುರ್ಚಿಯೇ ಇಲ್ಲ ಎಂದಳು,
ದೂರುವಂತೆ ಅಲ್ಲ, ವಿಳಾಸ ಹೇಳುವಂತೆ.

ಒಂದು ವಾರ ಒಂದು ಪೆಟ್ಟಿಗೆ ಉಳಿಯಿತು.
ಯಾರಿಗೂ ಹೇಳದೆ ಕಟ್ಟಿಕೊಂಡೆ.
ಕೂತವರ ಲೆಕ್ಕ ಬರೆಯಲು ಕೂತವಳು:
ದಿನಕ್ಕೆ ಹತ್ತು ತಾಸು ನಲವತ್ತು ನಿಮಿಷ.
ಪಾಸಿಗಿಂತ ಕಾಲು ತಾಸು ಕಡಿಮೆ,
ಅದೂ ಕಾಫಿ ಯಂತ್ರ ದೂರವಿರುವ ಪುಣ್ಯದಿಂದ.
ಹೆಸರಿಲ್ಲದೆ, ಬರೀ ಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿದೆ.

ಏಪ್ರಿಲ್‌ನಲ್ಲಿ ಪಾಸಿ ಮತ್ತೆ ಬಂದ.
ನಿಂತಲ್ಲೆಲ್ಲ ಲಾರಿಗೆ ಹತ್ತು ಪ್ರದಕ್ಷಿಣೆಯಂತೆ.
ಜನ ನೋಡುತ್ತಾರೆ ಎಂದು ಟೈರು ಒದೆಯುತ್ತ ಸುತ್ತುವುದಂತೆ,
ಗಾಳಿ ಪರೀಕ್ಷಿಸುವವನ ಹಾಗೆ.
ಈ ಸಲ ಐದೂವರೆ ನಿಮಿಷ.
ಅಷ್ಟಕ್ಕೇ ಮೀಸೆ ಒರೆಸಿಕೊಂಡು ಕಿಟಕಿಯಾಚೆ ನೋಡಿದ.
ಹೊರಗೆ ಸರೋವರ, ದಡದ ಅಂಚಿನಲ್ಲಿ ಒಂದು ಗೇಣು,
ನೀರಾಗಿತ್ತು.

ಔತಿ ಬರಲಿಲ್ಲ. ಎರಡನೇ ಸಲ ಕೊಟ್ಟ ಪೆಟ್ಟಿಗೆಯನ್ನು
ಅಂಚೆಯಲ್ಲಿ ಕಳಿಸಿದ್ದಾಳೆ,
ಪಟ್ಟಿಯನ್ನು ಒಗೆದು, ಇಸ್ತ್ರಿ ಮಾಡಿ.
ಎದ್ದು ನಿಂತೆ. ಅದನ್ನು ಡ್ರಾಯರಿನಲ್ಲಿಟ್ಟು
ಮೊಣಕಾಲಿನಿಂದ ತಳ್ಳಿ ಮುಚ್ಚಿದೆ.
ಒಳಗೆ ಅದು
ಒಂದು ಹೆಜ್ಜೆ ಬರೆದುಕೊಂಡಿರಬೇಕು.