ಕೆಡದಂಗ ಇಡೋ ನೀರು

ನಮ್ಮಪ್ಪ ಗಾದಿಲಿಂಗಪ್ಪ
ಮೂವತ್ತೊಂದು ವರ್ಷ ಹೆಣಗಳಿಗೆ ನೀರು ಬದಲಿಸಿದ.
ಬಳ್ಳಾರಿಯ ಮೆಡಿಕಲ್ ಕಾಲೇಜು, ಕೆಳಗಿನ ಅಂತಸ್ತು,
ಸಿಮೆಂಟಿನ ತೊಟ್ಟಿ, ಅದರೊಳಗೆ
ಹೆಸರು ಹೊರಗೇ ಬಿಟ್ಟು ಬಂದ ಮಂದಿ.
ಸಂಜೆ ಅವ್ವ ಹೊಸ್ತಿಲಲ್ಲೇ ತಡೆಯುತ್ತಿದ್ದಳು:
"ಹಿತ್ಲಾಗ ನೀರು ಕಾದೈತಿ, ಮೊದ್ಲು ಮೈ ತೊಳಕೋ."
ಅವನ ಅಂಗಿಗೆ ಬೇರೆ ಬಕೇಟು, ಬೇರೆ ಹಗ್ಗ.
ಆದರೂ ಆ ವಾಸನೆ
ಅಪ್ಪನಿಗಿಂತ ಮೊದಲು ಊಟಕ್ಕೆ ಕೂರುತ್ತಿತ್ತು.
ಏನದು ಅಂತ ಕೇಳಿದರೆ ಒಂದೇ ಮಾತು:
"ಕೆಡದಂಗ ಇಡೋ ನೀರು."

ನಾನು ಓದಲಿಲ್ಲ. ಕೈ ಚುರುಕಿತ್ತು.
ಕೌಲ್ ಬಜಾರಿನ ಮೊದಲ ಮಹಡಿಯಲ್ಲಿ
ಒಂದು ಕನ್ನಡಿ, ಎರಡು ಕುರ್ಚಿ, ಕಂತಿನ ಮೇಲೆ ತಂದ ಎಸಿ.
ಕಿಟಕಿಗೆ ದಪ್ಪ ಪರದೆ; ಆಚೆ
ಕಾದ ಹಂಚಿನ ಹಾಗೆ ಏಪ್ರಿಲ್ಲಿನ ಗುಡ್ಡ.
ಗುಂಗುರು ಕೂದಲನ್ನು ನೆಟ್ಟಗೆ ಮಾಡುವುದು
ನನ್ನ ಹೆಸರು, ನನ್ನ ಬಾಡಿಗೆ, ಮಗನ ಫೀಸು.
ಬಾಟಲಿಯ ಬಿಳಿ ರಸ ಹಚ್ಚಿ, ಒಣಗಿಸಿ,
ಕಾದ ಇಕ್ಕಳದಲ್ಲಿ ಎಳೆ ಎಳೆ ಎಳೆದರೆ
ಹೊಗೆ ಏಳುತ್ತದೆ,
ಇಡ್ಲಿ ಪಾತ್ರೆಯ ಹಬೆಯಷ್ಟೇ ಸಾಧು.
ಕಣ್ಣುರಿ. ಗಂಟಲಲ್ಲಿ ಒಣಮೆಣಸಿನ ಘಾಟು.
ಬೆರಳ ಸಂದಿಯಲ್ಲಿ ಸಿಪ್ಪೆ ಏಳುವ ಚರ್ಮ.
ಬಿಸಿಲು ಅಂದೆ. ಗಣಿ ಧೂಳು ಅಂದೆ.
ಈ ಊರಲ್ಲಿ ಕಣ್ಣೀರಿಗೆ
ಕಾರಣಗಳ ಬರವಿಲ್ಲ.

ಅಣ್ಣನ ಕೂಸಿಗೆ ಹೆಸರಿಡುವ ದಿನ
ಕೆಲಸ ಮುಗಿಸಿ ನೇರ ಹೋದೆ, ಕೈಯಲ್ಲಿ
ರಿಬ್ಬನ್ ಕಟ್ಟಿದ ಡಬ್ಬಿ: ಕೂಸಿನ ಶಾಂಪೂ, ಕೂಸಿನ ಲೋಷನ್.
ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಮೂಗಿಗೆ ಬಂದಿಲ್ಲ.
ತಲೆ ಎತ್ತಿ ಕೇಳಿದ:
"ಯಾರು ಸತ್ತಾರು?"
ತೊಟ್ಟಿಲ ಹಾಡು ಅಲ್ಲಿಗೇ ನಿಂತಿತು.
"ಯಾರಿಲ್ಲಪ್ಪ, ನಾನು."
ಗೋಡೆ ಹಿಡಿದು ಎದ್ದ. ಹಿತ್ತಲಲ್ಲಿ
ಬಕೇಟು ಎಳೆದ ಸದ್ದು, ಕೊಡ ಬಗ್ಗಿಸಿದ ಸದ್ದು.
"ಕೂಸಿನ್ನ ಆಮ್ಯಾಲೆ ಎತ್ತು.
ಮೊದ್ಲು ಮೈ ತೊಳಕೋ."

ಮರುದಿನ ಬಾಟಲಿಯ ಮೇಲಿನ
ಎಂಟುನೂರ ಐವತ್ತರ ಚೀಟಿಯನ್ನು
ಕೊಬ್ಬರಿ ಎಣ್ಣೆ ಹಚ್ಚಿ ಉಗುರಿಂದ ಎಬ್ಬಿಸಿದೆ.
ಕೆಳಗೆ ಇರುವೆ ಸಾಲಿನಂಥ ಅಕ್ಷರ.
ಮೆಡಿಕಲ್ ಶಾಪಿನ ಹೊನ್ನೂರ್ ವಲಿ ಕನ್ನಡಕ ಏರಿಸಿ ಓದಿದ:
ಫಾರ್ಮಾಲ್ಡಿಹೈಡ್ ಇದೆ. ಗಾಳಿಯಾಡುವ ಕಡೆ ಬಳಸಿ.
ಕಣ್ಣಿಗೆ, ಉಸಿರಿಗೆ, ಚರ್ಮಕ್ಕೆ.
ಬೆಲೆಯ ಕೆಳಗೆ ಇಷ್ಟೆಲ್ಲ ಇತ್ತು.
"ಮತ್ತ ಕೂಸಿನ ಲೋಷನ್ನು?"
"ಇದ್ರಾಗ ಆ ಹೆಸ್ರಿಲ್ಲಕ್ಕ. ಡಿಎಂಡಿಎಂ ಹೈಡಾಂಟೊಯಿನ್ ಅಂತೈತಿ.
ಅದು ಕೂತಲ್ಲೇ ಕೂತು, ಒಳಗೊಳಗೇ
ಅದೇ ನೀರು ಬಿಡ್ತೈತಿ, ಚೂರು ಚೂರು.
ಎಲ್ರಿಗೂ ಆಗಂಗಿಲ್ಲ. ಆದೋರಿಗೆ ಕೆರೆತ, ಗಂದೆ."
ಅಂದರೆ ಕಂತಿನಲ್ಲಿ, ಅಂದೆ.
ಅವನು ನಗಲಿಲ್ಲ. ಬಿಲ್ ಹರಿದು ಇನ್ನೊಬ್ಬರಿಗೆ ಕೊಟ್ಟ.

ಈಗ ಎಸಿ ಬಂದ್. ಪರದೆ ತೆಗೆದೆ,
ಗುಡ್ಡ ಒಳಗೇ ಬಂದು ಕೂತ ಹಾಗಿದೆ.
ಸೆಕೆ ಅಂತ ಇಬ್ಬರು ಎದ್ದು ಹೋದರು.
ಇವಳು ಹೋಗಿಲ್ಲ, ಮೆಹರಾಜ್, ಭಾನುವಾರ ನಿಕಾಹ್,
ಹಟ ಹಿಡಿದ ಗುಂಗುರು.
ಅಪ್ಪನ ತೊಟ್ಟಿಯಿಂದ ಹಿಡಿದು ಎಲ್ಲ ಹೇಳಿದೆ.
ಕನ್ನಡಿಯಲ್ಲಿ ನನ್ನನ್ನೇ ನೋಡಿ ನಕ್ಕಳು:
"ಹಂಗಾದ್ರ ನನ್ ಕೂದ್ಲು
ಸತ್ತ ಮ್ಯಾಲೂ ಕೆಡಂಗಿಲ್ಲ ಬಿಡಕ್ಕ."

ನಾನೂ ನಕ್ಕೆ. ಆಮೇಲೆ ಇಬ್ಬರೂ ನಗಲಿಲ್ಲ.
ಕೆಳಗೆ ಆಟೋಗಳು, ಕಲ್ಲಂಗಡಿ ಕೂಗುವವನು.
ಇಕ್ಕಳದ ವಯರು ಬೆರಳಿಗೆ ಸುತ್ತಿಕೊಂಡು ನಿಂತಿದ್ದೇನೆ.
ಅವಳ ಕಿವಿಯ ಹಿಂದೆ ಒಂದು ಸುರುಳಿ
ಬೆವರಿಗೆ ಇನ್ನಷ್ಟು ಸುತ್ತಿಕೊಂಡಿದೆ.
ಸ್ವಿಚ್ ಇನ್ನೂ ಹಾಕಿಲ್ಲ.