ಬೆಲ್ಲಿಗೆ ಸುತ್ತಿದ ಬಟ್ಟೆ

ಊರಿನ ಹೆಸರು ಹೇಳಲಾರೆ,
ಅಲ್ಲಿ ನನ್ನ ಲೆಕ್ಕದಲ್ಲಿ ಇನ್ನೂ ಅರ್ಧ ಕ್ಯಾನು ಡೀಸೆಲ್ಲಿನ ಬಾಕಿ ಇದೆ.
ಗಾಂಬಿಯಾ ನದಿಗೆ ಕಡಲಿನ ಉಪ್ಪು ಹತ್ತುವ ತಿರುವು, ಅಷ್ಟು ಸಾಕು.
ಎರಡು ಮಾವಿನ ಮರ, ನಡುವೆ ಬಿಳಿಯ ಪರದೆ.
ಮೂಲೆಮೂಲೆಗೆ ಕಲ್ಲು ಕಟ್ಟಿದರೂ ಗಾಳಿ ಬಿಡದು:
ಕಥೆಯ ಹೆಂಗಸಿನ ಮುಖ ಉಂಡವರ ಹೊಟ್ಟೆಯಂತೆ ಉಬ್ಬುವುದು,
ಹಸಿದವರ ಹೊಟ್ಟೆಯಂತೆ ಒಳಸೇರುವುದು.
ಮಕ್ಕಳಿಗೆ ಅಷ್ಟೇ ಸಿನಿಮಾ.

ಮುಂದಿನ ಸಾಲಿನಲ್ಲಿ ತೆನೆಂಗ್ ಬಾಜಿ.
ಮೊಣಕಾಲವರೆಗೆ ಕೆಸರು ಒಣಗಿ ಬೂದಿಯಾಗಿದೆ.
ಕಾಂಡ್ಲಾ ಬೇರಿಗೆ ಕಚ್ಚಿದ ಸಿಂಪಿ ಬಿಡಿಸುವ ಕೆಲಸ,
ಹತ್ತು ಬೆರಳಿಗೂ ಗೀರು.
"ನಿದ್ದೆ ಹೋದರೆ ಎಬ್ಬಿಸಬೇಡ ಸಂಕುಂಗ್" ಅಂದಿದ್ದಳು ಮೊದಲೇ.

ಪರದೆಯ ಹೆಂಗಸು ಕಚೇರಿಗೆ ಹೋಗುತ್ತಾಳೆ.
ದೋಣಿಕಟ್ಟೆಯ ಹಲಗೆ ಮುರಿದು ಹನ್ನೊಂದು ವರ್ಷ.
ಸಾಹೇಬ ಅರ್ಜಿ ನೋಡುತ್ತಾನೆ, ಅರ್ಜಿಯ ಹಿಂಬದಿ ನೋಡುತ್ತಾನೆ,
"ಗುರುವಾರ ಬಾ" ಅನ್ನುತ್ತಾನೆ.
ಗುರುವಾರ ಬೇರೆ ಸಾಹೇಬ, ಅದೇ ತಲೆಯಾಡಿಸುವ ಫ್ಯಾನು.
"ಗುರುವಾರ ಬಾ."
ಮೂರನೆಯ ಸಲ ಅವನು ಬಾಯಿ ತೆರೆಯುವ ಮೊದಲೇ
ಕತ್ತಲಲ್ಲಿ ಯಾರೋ ಕೂಗಿದರು: ಗುರುವಾರ!
ನಾಲ್ಕನೆಯ ಸಲಕ್ಕೆ ಇಡೀ ಊರು.
ನಗುನಗುತ್ತಲೇ ಆ ನಗು ಎಲ್ಲೋ ಹುಳಿಯಾಯಿತು,
ಯಾವ ಗಳಿಗೆಯಲ್ಲಿ ಅಂತ ನನಗೆ ತಿಳಿಯಲಿಲ್ಲ,
ನಾನು ಜನರೇಟರಿನ ಕೆಮ್ಮು ಕೇಳುತ್ತಿದ್ದೆ.

ಕೊನೆಗೆ ಮತದಾನದ ದಿನ. ಅವಳ ಅಂಗೈಯಲ್ಲಿ ಗಾಜಿನ ಗೋಲಿ.
ನಮ್ಮಲ್ಲಿ ಮತವೆಂದರೆ ಗೋಲಿ;
ಬಣ್ಣ ಬಳಿದ ಪೀಪಾಯಿಯ ಕೊರಳಿಗೆ ಬಿಟ್ಟರೆ
ಒಳಗೆ ಗಂಟೆ ಟಣ್ ಅನ್ನಬೇಕು, ಒಂದೇ ಸಲ.
ಎರಡು ಸಲ ಅಂದರೆ ಮೋಸ.
ಅವಳು ಕೈ ಎತ್ತಿದಳು, ಕೈ ಎತ್ತಿದಂತೆಯೇ ಇತ್ತು,
ಡೀಸೆಲ್ ಮುಗಿಯಿತು.

ಮಾವಿನ ಮರದಲ್ಲಿ ಬಾವಲಿಗಳ ರೆಕ್ಕೆ.
ಯಾವ ಪೀಪಾಯಿಗೆ ಹಾಕಿದಳು?
ಹಾಕಿದಳೋ, ಸೆರಗಿನ ಗಂಟಿಗೆ ಇಳಿಸಿದಳೋ?
ಕಟ್ಟೆ ಆಯಿತೋ?
ನನ್ನ ಕೊರಳಪಟ್ಟಿ ಹಿಡಿದು ಕೇಳಿದರು.
ನಲವತ್ತು ಊರಲ್ಲಿ ನಲವತ್ತು ಸಲ ನೋಡಿದವನು ನಾನು.
ಅವಳು ಹಾಕುತ್ತಾಳೆ. ಅವಳ ಬಣ್ಣ ಸೋಲುತ್ತದೆ.
ಕೊನೆಯ ದೃಶ್ಯದಲ್ಲಿ ಅದೇ ಮುರಿದ ಹಲಗೆ, ಮೇಲೊಂದು ಕೊಕ್ಕರೆ.
"ನನಗೂ ಗೊತ್ತಿಲ್ಲ" ಅಂದೆ.
ಮಾತು ಗಂಟಲಲ್ಲಿ ಮೀನುಮುಳ್ಳಾಗಿ ನಿಂತಿತು.

ಚುನಾವಣೆ ಗುರುವಾರವೇ ಬಿತ್ತು,
ಅದರಲ್ಲಿ ನನ್ನ ಕೈವಾಡವಿಲ್ಲ.
ಆ ದಿನ ಮತಗಟ್ಟೆಯ ಹತ್ತಿರ ಸೈಕಲ್ ಬೆಲ್ ಹೊಡೆಯುವಂತಿಲ್ಲ,
ಯಾವ ಗಂಟೆ ಯಾವುದೆಂದು ಎಣಿಸುವವರಿಗೆ ಗೊಂದಲ.
ಹಳೇ ಬನಿಯನ್ ಹರಿದು ಬೆಲ್ಲಿಗೆ ಸುತ್ತಿಕೊಂಡು ಹೋದೆ,
ಸಾಲದಲ್ಲಿ ಅರ್ಧವಾದರೂ ತೀರಿಸೋಣವೆಂದು.

ಶಾಲೆಯ ಬೇಲಿಗುಂಟ ಸಾಲು.
ನೀರು ಇಳಿದ ಹೊತ್ತು, ಸಿಂಪಿಗೆ ಇಳಿಯಬೇಕಾದ ಹೊತ್ತು,
ದೋಣಿಗಳೆಲ್ಲ ದಡದಲ್ಲಿ ಬೋರಲು ಬಿದ್ದಿವೆ.
ತೆನೆಂಗ್ ನನ್ನನ್ನು ಕಂಡು ಅಂದಳು:
"ಸಾಹೇಬ ಕರೆದಿದ್ದನಲ್ಲ, ಗುರುವಾರ ಬಾ ಅಂತ.
ಬಂದಿದ್ದೇವೆ."
ನಗು ಸಾಲಿನ ತುದಿಯವರೆಗೆ ಹೋಯಿತು.
ಪೊಲೀಸ್ ಗದರಿದ: ಸದ್ದು!

ಅವಳು ಒಳಗೆ ಹೋದಳು.
ಒಳಗಿನದು ಯಾರಿಗೂ ಕಾಣದು, ಕೇಳಿಸುವುದಷ್ಟೇ.
ಕೇಳಿಸಲಿಲ್ಲ.
ಕೈ ಎತ್ತಿದಂತೆಯೇ ನಿಂತಳೇ ಇವಳೂ?
ನನ್ನ ಜೀವ ಆ ಗೋಲಿಯ ಜೊತೆ ಮೇಲೆಯೇ ಇತ್ತು.

ಟಣ್.

ಸಂಜೆ ಅಳಗುಳಿಮಣೆಯಂಥ ಹಲಗೆಯ ಗುಳಿಗಳಲ್ಲಿ
ಗೋಲಿ ತುಂಬಿ ಎಣಿಸುತ್ತಾರೆ.
ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ, ನಾನು ಅಷ್ಟು ಹೊತ್ತು ನಿಲ್ಲಲಿಲ್ಲ.

ಹೊರಬಂದವಳು ಬೆರಳಿಗೆ ಉಫ್ ಉಫ್ ಊದುತ್ತಿದ್ದಳು,
ಶಾಯಿ ಗೀರಿಗೆ ಇಳಿದು ಉರಿ.
"ಈಗ ಹೇಳು. ಅವಳದು ಏನಾಯಿತು?"
ಹೇಳಿದೆ. ಎಲ್ಲ ಹೇಳಿದೆ, ಕೊಕ್ಕರೆಯನ್ನೂ.
ತುಸು ಹೊತ್ತು ಉಗುರಿನ ಕಪ್ಪು ನೋಡಿಕೊಂಡಳು.
"ಪಾಪ, ಒಬ್ಬಳೇ ಹೋಗಿದ್ದಳಲ್ಲ" ಅಂದು
ದೋಣಿ ಮಗುಚಲು ನಡೆದಳು.

ಊರು ದಾಟಿದ ಮೇಲೆ ಬೆಲ್ಲಿನ ಬಟ್ಟೆ ಬಿಚ್ಚಿದೆ.
ದಾರಿಗೆ ಅಡ್ಡ ಯಾರೂ ಇರಲಿಲ್ಲ.
ಸುಮ್ಮನೆ, ಒಂದೇ ಸಲ, ಹೊಡೆದೆ.